ಮಲ್ಪೆಯ ಶೆಡ್ಡಿನಲ್ಲಿ ನಿಂತ ಪದ್ಮಿನಿ: ಕೆಲಸ ಎಲ್ಲಿಂದ ಶುರು ಮಾಡಬೇಕು?

ತಂದೆಯವರ 1982ರ ಪ್ರೀಮಿಯರ್ ಪದ್ಮಿನಿ ಕಾರು ನಾಲ್ಕು ವರ್ಷದಿಂದ ಮಲ್ಪೆಯ ಮನೆಯ ಶೆಡ್ಡಿನಲ್ಲಿ ನಿಂತಿದೆ, ಹೊಸ ಬ್ಯಾಟರಿ ತಂದಾಗಿದೆ, ಈ ಭಾನುವಾರ ನಾನೇ ಸ್ಟಾರ್ಟ್ ಮಾಡಬಹುದಾ ಎಂದು ಕೇಳಿದ್ದೀರಿ. ಬೇಡ ಮಾರಾಯ್ರೇ. ಬ್ಯಾಟರಿ ಸದ್ಯ ಮನೆಯೊಳಗೇ ಇರಲಿ. ಮೊದಲು ಗಾಡಿಯ ಅಡಿಗೆ ಹೋಗಿ ನೋಡಿ.

ನನ್ನಲ್ಲಿ 1976ರ ಪದ್ಮಿನಿ ಉಂಟು, ಮಂಗಳೂರಿನಲ್ಲಿ. ಹನ್ನೊಂದು ವರ್ಷದಿಂದ ಅದರ ಕೆಲಸ ಮನೆಯಂಗಳದಲ್ಲೇ ಮಾಡುತ್ತಿದ್ದೇನೆ. ಮೊದಲ ವರ್ಷ ನಾನೂ ಎಂಜಿನ್ನಿಗೇ ಕೈ ಹಾಕಿದ್ದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಉಜ್ಜಿ, ಹೊಸ ಪೆಟ್ರೋಲ್ ಹಾಕಿ ಕೀ ತಿರುಗಿಸಿದರೆ ಎಂಜಿನ್ ಹಿಡಿಯಿತು. ಅದೇ ಖುಷಿಯಲ್ಲಿ ರಸ್ತೆಗೆ ಇಳಿಸಿದೆ. ಕದ್ರಿ ಗುಡ್ಡೆಯ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹಿಂದಿನ ಒಂದು ವೀಲ್ ಸಿಲಿಂಡರ್ (ಚಕ್ರದ ಬಳಿ ಬ್ರೇಕನ್ನು ಒತ್ತುವ ಸಣ್ಣ ಸಿಲಿಂಡರ್) ಒಳಗಿಂದ ತುಕ್ಕು ತಿಂದು ಸೋರಿತ್ತು. ನನ್ನ ಗಾಡಿಯಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಲೈನು, ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ. ಹ್ಯಾಂಡ್‌ಬ್ರೇಕಿಗೆ ಬೇರೆ ಕೇಬಲ್ ಇದ್ದದ್ದರಿಂದ ಗಾಡಿ ನಿಂತಿತು. ಪಕ್ಕದಲ್ಲಿ ಮಗಳು ಕೂತಿದ್ದಳು. ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಹಾಗಾಗಿ ಅಡಿಯಿಂದಲೇ ಶುರು ಮಾಡಿ. ಪದ್ಮಿನಿಗೆ ಬೇರೆ ಚಾಸಿ (ಭಾರ ಹೊರುವ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಬಾಗಿಲಿನ ಕೆಳಗಿನ ಸಿಲ್, ನೆಲದ ತಗಡು, ಹಿಂದಿನ ಪಟ್ಟಿ ಸ್ಪ್ರಿಂಗ್ ಕೂತಿರುವ ಜಾಗ, ಇವು ಹೋದರೆ ಗಾಡಿಯ ಬಲವೇ ಹೋಯಿತು. ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಮಲ್ಪೆಯಲ್ಲಂತೂ ಗಾಳಿಯಲ್ಲೇ ಉಪ್ಪು. ಉಪ್ಪು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ಹಾಗಾಗಿ ಹೊರಗೆ ಬಿಸಿಲಿದ್ದರೂ ಸಿಲ್ಲಿನ ಒಳಗೆ ತುಕ್ಕು ನಡೆಯುತ್ತಲೇ ಇರುತ್ತದೆ. ಮ್ಯಾಟ್ ಎತ್ತಿ, ಅದರಡಿಯ ಫೆಲ್ಟನ್ನೂ ಎತ್ತಿ ನೋಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡು ತಟ್ಟುತ್ತಾ ಹೋಗಿ: ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ಸದ್ದು ಮಂಕಾಗುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳು ಕಸ ಕಟ್ಟಿದ್ದರೆ ತಂತಿ ಹಾಕಿ ಬಿಡಿಸಿ. ಐದು ನಿಮಿಷದ ಕೆಲಸ, ಬಾಗಿಲು ಉಳಿಯುತ್ತದೆ.

ಗಾಡಿ ಎತ್ತುವಾಗ ಕೆಂಪುಕಲ್ಲು ಇಟ್ಟು ಅದರ ಮೇಲೆ ನಿಲ್ಲಿಸಬೇಡಿ. ನಮ್ಮಲ್ಲಿ ಅಂಗಳದಲ್ಲಿ ಸುಲಭಕ್ಕೆ ಸಿಗುವುದು ಅದೇ, ಆದರೆ ಭಾರ ಬಿದ್ದರೆ ಪುಡಿಯಾಗುತ್ತದೆ. ಜಾಕ್ ಸ್ಟ್ಯಾಂಡಿನ ಅಡಿಗೆ ದಪ್ಪ ಮರದ ಹಲಗೆ ಕೊಡಿ.

ತೂತು ಬಿದ್ದ ಜಾಗಕ್ಕೆ ಪುಟ್ಟಿ ತುಂಬಿಸುವವರ ಹತ್ತಿರ ಕೊಡಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಪುಟ್ಟಿ ಹಿಂದಿನಿಂದ ತೇವ ಹಿಡಿದಿಟ್ಟುಕೊಂಡು ಎರಡು ಮಳೆಗಾಲದಲ್ಲಿ ಸುತ್ತಲಿನ ಒಳ್ಳೆಯ ತಗಡನ್ನೂ ತಿನ್ನುತ್ತದೆ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವ ಟಿಂಕರಿಂಗ್‌ನವರನ್ನು ಹುಡುಕಿ. ಆಮೇಲಿನ ಪ್ರೈಮರ್, ಸಿಲ್ಲಿನ ಒಳಗೆ ಮೇಣದ ಸ್ಪ್ರೇ, ಇವು ನೀವೇ ಮಾಡಬಹುದು. ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯ ಥಂಡಿಯಲ್ಲಿ ಬೇಡ, ದಸರಾ ಕಳೆದು ತಗಡು ಚೆನ್ನಾಗಿ ಒಣಗಲಿ.

ಬ್ರೇಕಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವುದು), ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ನೀರನ್ನು ಹೀರುತ್ತದೆ, ನಾನು ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸದು ಹಾಕುತ್ತೇನೆ.

ಎಂಜಿನ್ 1089 ಸಿಸಿಯ ಸರಳ ಯಂತ್ರ, ಅದಕ್ಕೆ ಹೆದರಬೇಕಾದ್ದಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿ ಹಾಗೇ ಇಡಿ. ಮರುದಿನ ಟಾಪ್ ಗೇರಿನಲ್ಲಿ ಹಾಕಿ ಗಾಡಿಯನ್ನು ಮೆಲ್ಲ ಹಿಂದೆ ಮುಂದೆ ತಳ್ಳಿ. ಎಂಜಿನ್ ತಿರುಗಿದರೆ ಅರ್ಧ ಗೆದ್ದಿರಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನೆರಡು ದಿನ ಎಣ್ಣೆಯಲ್ಲಿ ನೆನೆಯಲಿ.

ಪೆಟ್ರೋಲಿನ ದಾರಿಗೆ ಮಾತ್ರ ಈಗ ಹೆಚ್ಚಿನ ಎಚ್ಚರ ಬೇಕು. ಬಂಕಿನಲ್ಲಿ ಈಗ ಸಿಗುವುದು 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲು. ಆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ ತೊಳೆಸಿ, ಎಥೆನಾಲ್ ತಡೆಯುವ ಪೈಪು ಎಂದೇ ಕೇಳಿ ತನ್ನಿ, ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಮ್ಮನ್ನೂ (ಒಳಗಿನ ತೆಳು ಪೊರೆ) ಬದಲಿಸಿ. ಡಯಾಫ್ರಮ್ ಹರಿದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿದರೆ ಗೊತ್ತಾಗುತ್ತದೆ, ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ.

ಹಣ ಸುರಿಯುವ ಮೊದಲು ಆರ್‌ಸಿ ತೆಗೆದು ಅವಧಿ ನೋಡಿ, ಇಷ್ಟು ಹಳೆಯ ಗಾಡಿಗೆ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. 2021ರ ನಿಯಮದ ವಿಂಟೇಜ್ ನೋಂದಣಿಗೆ ಗಾಡಿಗೆ 50 ವರ್ಷ ದಾಟಿರಬೇಕು, ನಿಮ್ಮದಕ್ಕೆ ಅದು 2032ಕ್ಕೆ. ಆ ನಂಬರಿನಲ್ಲಿ ದಿನನಿತ್ಯ ಓಡಿಸುವ ಹಾಗೂ ಇಲ್ಲ. ತಂದೆಯವರನ್ನು ಕೂರಿಸಿಕೊಂಡು ಉಡುಪಿ ಪೇಟೆಗೆ ಹೋಗಿ ಬರುವ ಆಸೆ ಎಂದು ಬರೆದಿದ್ದೀರಲ್ಲ, ಅದಕ್ಕೆ ಈಗಿರುವ ಆರ್‌ಸಿಯನ್ನೇ ಜೀವಂತ ಇಟ್ಟುಕೊಳ್ಳಿ. ಸಿಲ್ಲಿನ ಅಡಿಯ ಎರಡು ಫೋಟೋ ಇಲ್ಲಿ ಹಾಕಿದರೆ ಎಷ್ಟು ಕತ್ತರಿಸಬೇಕು ಎಂದು ನೋಡಿ ಹೇಳುತ್ತೇನೆ.