ಇಡ್ಲಿ ಮತ್ತೆ ಹಿಟ್ಟಾಗುತ್ತಾ?

ಪ್ರಶ್ನೆ: ಕ್ರಿಸ್ಟೋಫರ್ ನೋಲನ್ ಅವರ ‘ಟೆನೆಟ್’ ಎರಡು ಸಲ ನೋಡಿದೆ. ಗುಂಡು ವಾಪಸ್ ಬಂದೂಕಿಗೇ ಬರುತ್ತೆ, ಕಾರು ಹಿಂದಕ್ಕೆ ಓಡುತ್ತೆ. ತಲೆ ಕೆಟ್ಟುಹೋಯ್ತು. ಭಾವಮೈದ ಮಾತ್ರ ‘ನನಗೆಲ್ಲಾ ಅರ್ಥ ಆಯ್ತು’ ಅಂತಾನೆ. ನಂಬಲಾ?
– ಓದುಗ, ಕ್ಯಾತ್ಸಂದ್ರ, ತುಮಕೂರು

ಉತ್ತರ: ನಂಬುವ ಮೊದಲು ಒಂದು ಪ್ರಶ್ನೆ ಕೇಳಿ. ಕಾರಿಗೆ ಬೆಂಕಿ ಹತ್ತಿದಾಗ ಒಳಗಿದ್ದ ನಾಯಕನಿಗೆ ಸುಡುವ ಬದಲು ಚಳಿ ಯಾಕೆ ಹಿಡಿಯಿತು? ತಡವರಿಸಿದರೆ ಅವರೂ ನಿಮ್ಮ ಕಡೆಯವರೇ.

ನಿಮ್ಮೂರಲ್ಲೇ ಉತ್ತರ ಇದೆ. ತಟ್ಟೆ ಇಡ್ಲಿ ಬೆಂದ ಮೇಲೆ ಮತ್ತೆ ಹಿಟ್ಟಾಗಲ್ಲ. ಬಿಸಿ ಇಡ್ಲಿ ಸುಮ್ನೆ ಇಟ್ಟರೆ ಆರುತ್ತದೆ, ಆರಿದ್ದು ತಾನಾಗಿ ಬಿಸಿಯಾಗಲ್ಲ. ಹೀಗೆ ಒಂದೇ ದಿಕ್ಕಿಗೆ ನಡೆಯುವುದರ ಲೆಕ್ಕವನ್ನೇ ವಿಜ್ಞಾನದಲ್ಲಿ ಎಂಟ್ರೊಪಿ ಅನ್ನುತ್ತಾರೆ. ಸಿನಿಮಾದಲ್ಲಿ ಮುಂದಿನ ಕಾಲದವರು ಆ ದಿಕ್ಕನ್ನೇ ತಿರುಗಿಸುವ ಯಂತ್ರ ಮಾಡಿದ್ದಾರೆ. ಅದರೊಳಗೆ ಹೋಗಿ ಬಂದವನಿಗೆ ಬಿಸಿಯೂ ಉಲ್ಟಾ, ಹೊರಗಿನ ಗಾಳಿಯನ್ನು ಉಸಿರಾಡೋಕೂ ಆಗಲ್ಲ, ಅದಕ್ಕೇ ಆ ಮಾಸ್ಕ್.

ಇನ್ನೊಂದು ವಿಷಯ. ಇಲ್ಲಿ ಟಕ್ ಅಂತ ಹೋದ ವಾರಕ್ಕೆ ಹಾರೋಕೆ ಆಗಲ್ಲ. ಬೆಂಗಳೂರಿಗೆ 70 ಕಿ.ಮೀ. ಹೋದವರು ತುಮಕೂರಿಗೆ ವಾಪಸ್ ಬರುವಾಗ ನೆಲಮಂಗಲ, ದಾಬಸ್‌ಪೇಟೆ ಎಲ್ಲಾ ದಾಟಿಯೇ ಬರಬೇಕಲ್ವಾ? ಹಾಗೇ ಒಂದು ವಾರ ಹಿಂದೆ ಹೋಗಬೇಕಾದರೆ ಪೂರ್ತಿ ಒಂದು ವಾರ ಉಲ್ಟಾ ಬದುಕಬೇಕು. ಕೆಂಪು ಬಣ್ಣ ಬಂದರೆ ಮುಂದಕ್ಕೆ, ನೀಲಿ ಬಂದರೆ ಹಿಂದಕ್ಕೆ. ಇಷ್ಟು ನೆನಪಿಟ್ಟುಕೊಂಡರೆ ಕೊನೆಯ ಯುದ್ಧವನ್ನೂ ಹೇಗೋ ದಾಟಬಹುದು. ಹೆಸರು ಕೂಡ ನಮ್ಮ ‘ವಿಕಟಕವಿ’ ಥರ, ಇಂಗ್ಲಿಷ್‌ನಲ್ಲಿ ಎರಡೂ ಕಡೆಯಿಂದ ಓದಿದರೂ ಒಂದೇ.

ಹಾಗಂತ ತಪ್ಪೆಲ್ಲಾ ನಿಮ್ಮದಲ್ಲ. ನನಗೆ ಕಾಲದ ಆಟಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಸೌಂಡ್ ಮೇಲೆ. ಮುಖ್ಯವಾದ ಮಾತು ಬರುವ ಹೊತ್ತಿಗೆ ಸರಿಯಾಗಿ ಯಾರೋ ಮಾಸ್ಕ್ ಹಾಕಿಕೊಂಡಿರುತ್ತಾರೆ, ಇಲ್ಲವೇ ದೋಣಿ ಮೇಲೆ ಗಾಳಿ ಬೊಬ್ಬೆ ಹೊಡೆಯುತ್ತಿರುತ್ತದೆ. 2020ರಲ್ಲಿ ಬಿಡುಗಡೆಯಾದಾಗ ಇಂಗ್ಲಿಷ್ ಮನೆಮಾತಿನವರೂ ಇದೇ ದೂರು ಹೇಳಿದ್ದರು. ನಿಜವಾದ ಬೋಯಿಂಗ್ 747 ತಂದು ಕಟ್ಟಡಕ್ಕೆ ಗುದ್ದಿಸಿದವರಿಗೆ ನಾಲ್ಕು ಮಾತು ಕಿವಿಗೆ ಬೀಳಿಸೋದು ಕಷ್ಟವಿತ್ತಾ? ಎರಡೂವರೆ ಗಂಟೆ ನಾಯಕನ ಹಿಂದೆ ಓಡಿದರೂ ಅವನಿಗೊಂದು ಹೆಸರೂ ಇಲ್ಲ. ಅವನು ಸತ್ತರೆ ನಾವು ಯಾಕೆ ಅಳಬೇಕು? ಮೂರನೇ ಸಲ ನೋಡುವುದಾದರೆ ಸಬ್‌ಟೈಟಲ್ ಹಾಕಿಕೊಂಡು ನೋಡಿ.

ಪ್ರಶ್ನೆ: ಅದರಲ್ಲಿ ಡಿಂಪಲ್ ಕಪಾಡಿಯಾ ಇದ್ದಾರಂತೆ, ನಿಜಾನಾ?
– ಓದುಗಿ, ಶಿರಾ

ಉತ್ತರ: ನಿಜ. ನಾಯಕ ಮುಂಬೈನಲ್ಲಿ ಹಗ್ಗ ಕಟ್ಟಿಕೊಂಡು ಶಸ್ತ್ರಾಸ್ತ್ರ ವ್ಯಾಪಾರಿಯ ಮನೆಗೆ ನುಗ್ಗಿ ಗಂಡನನ್ನು ಹೆದರಿಸುತ್ತಾನೆ. ಆಮೇಲೆ ನೋಡಿದರೆ ವ್ಯಾಪಾರವೆಲ್ಲ ಹೆಂಡತಿಯದು, ಅವರೇ ಡಿಂಪಲ್. ಪಾತ್ರಕ್ಕೆ ಪ್ರಿಯಾ ಅಂತ ಹೆಸರೂ ಇದೆ, ಆಡಿದ ಮಾತೂ ಕೇಳಿಸುತ್ತದೆ!