ಎರಡನೇ ಕಾರ್ಡು ಮೊದಲು ಬಂತು

ಅಕ್ಕೋರೆ, ನಮಸ್ಕಾರ.

ಮೂರು ಪೋಸ್ಟ್ ಕಾರ್ಡಿನಲ್ಲಿ ನೀವು ಬರೆದ ಪತ್ರ ತಲುಪಿತು. ಆದರೆ ಮೊದಲು ಬಂದದ್ದು ಎರಡನೇ ಕಾರ್ಡು. "ಕೆರೆಯ ದಂಡೆಯಲ್ಲಿ ಆ ಮುದುಕನನ್ನು ಕೊಂದು, ಏನೂ ಆಗಿಲ್ಲ ಅನ್ನೋ ಹಾಗೆ ಹೋಗಿಬಿಟ್ಟರು. ನಾನು, ಮೊಮ್ಮಗ ಇಬ್ಬರೂ ನೋಡಿದೆವು" ಅಂತ ಶುರು. ಮೇಲೆ, ಕೆರೆ ಇರುವ ಧಾರವಾಡದ ಸಾಧನಕೇರಿಯ ವಿಳಾಸ ಬೇರೆ! ಆಫೀಸಿನ ಹುಡುಗನೊಬ್ಬ ಪೊಲೀಸರಿಗೆ ಫೋನ್ ಮಾಡೋಣವೇ ಅಂದ. ಮರುದಿನ ಒಂದನೇ ಕಾರ್ಡು ಬಂದ ಮೇಲೆ ಗೊತ್ತಾಯಿತು, ನೀವಿಬ್ಬರೂ ಮೊಬೈಲಿನಲ್ಲಿ 1998ರ 'ಎನಿಮಿ ಆಫ್ ದಿ ಸ್ಟೇಟ್' ನೋಡಿದ್ದೀರಿ ಅಂತ, ಬೇಹುಗಾರರು ಉಪಗ್ರಹ ಬಿಟ್ಟು ವಕೀಲನೊಬ್ಬನ ಬೆನ್ನು ಹತ್ತುವ ಅಮೆರಿಕದ ಸಿನಿಮಾ.

ನಿಮ್ಮ ಪ್ರಶ್ನೆ ಮೂರು. ಆಕಾಶದಿಂದ ಹಾಗೆ ಒಬ್ಬನ ಬೆನ್ನು ಹತ್ತೋಕೆ ಆಗುತ್ತಾ? ಫೋನು ನಮ್ಮ ಮಾತು ಕೇಳುತ್ತಾ? ಮೂರನೆಯದು ಪ್ರಶ್ನೆಗಿಂತ ಜಾಸ್ತಿ ಸವಾಲು: "ಮುಚ್ಚಿಡುವಂಥದ್ದು ನಮ್ಮಲ್ಲಿ ಏನಿದೆ? ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಬಿಡಿ."

ಆಕಾಶದ್ದು ಸಿನಿಮಾದವರ ಕೈಚಳಕ. ಭೂಮಿಗೆ ಹತ್ತಿರ ಸುತ್ತುವ ಉಪಗ್ರಹ ಸೆಕೆಂಡಿಗೆ ಸುಮಾರು 7.5 ಕಿಲೋಮೀಟರ್ ಓಡುತ್ತದೆ. ಹುಬ್ಬಳ್ಳಿ-ಧಾರವಾಡದ 20 ಕಿಲೋಮೀಟರಿಗೆ ಅದಕ್ಕೆ ಮೂರು ಸೆಕೆಂಡು ಸಾಕು. ನೀವು ಕೂತ ಚಿಗರಿ ಬಸ್ಸು ನವನಗರ ಮುಟ್ಟುವುದರೊಳಗೆ ಅದು ಯಾವುದೋ ದೇಶದ ಮೇಲಿರುತ್ತದೆ. ಕಂಡರೂ ನಿಮ್ಮ ನೆತ್ತಿ ಕಂಡೀತು, ಮುಖವಲ್ಲ. ಅಲ್ಲದೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಿಮ್ಮ ಫೋನು ಯಾವ ಟವರಿನ ಹತ್ತಿರ ಇದೆ ಅನ್ನುವುದು ಕಂಪನಿಯ ದಾಖಲೆಯಲ್ಲೇ ಇರುತ್ತದೆ.

ಫೋನಿನ ವಿಷಯ: ಆಂಡ್ರಾಯ್ಡ್ 12 ಅಥವಾ ಅದರ ನಂತರದ್ದಾದರೆ, ಯಾವುದಾದರೂ ಆ್ಯಪ್ ಮೈಕ್ ಬಳಸುವಾಗ ಪರದೆಯ ಮೇಲ್ಗಡೆ ಹಸಿರು ಚುಕ್ಕಿ ಬರುತ್ತದೆ. ಐಫೋನಿನಲ್ಲಿ ಮೈಕಿಗೆ ಕಿತ್ತಳೆ ಚುಕ್ಕಿ. ಮಾತಾಡದೇ ಇದ್ದಾಗಲೂ ಬಂದರೆ ಮೊಮ್ಮಗನನ್ನು ಕರೆಯಿರಿ. ಪೆಗಾಸಸ್‌ನಂಥ ಬೇಹು ತಂತ್ರಾಂಶದ ಮಾತು ಬೇರೆ, ಅದು ಚುಕ್ಕಿ ತೋರಿಸಿ ಬರುವಂಥದ್ದಲ್ಲ. ಆದರೆ ಅದು ಬಲು ದುಬಾರಿ ಸಾಮಾನು. ನಮ್ಮ-ನಿಮ್ಮ ಮೇಲೆ ಯಾರು ಖರ್ಚು ಮಾಡುತ್ತಾರೆ?

ಈಗ ನಿಮ್ಮ ಸವಾಲಿಗೆ ಬರುತ್ತೇನೆ.

ನಿಮ್ಮ ಸಿನಿಮಾದ ನಟ ಜೀನ್ ಹ್ಯಾಕ್‌ಮನ್ ಇದ್ದಾನಲ್ಲ, ಅವನ ಪಾತ್ರದ ಕಡತ ತೆಗೆದಾಗ ಹಳೇ ಫೋಟೋ ಒಂದು ಬರುತ್ತದೆ. ಆ ಫೋಟೋ 1974ರ 'ದಿ ಕಾನ್ವರ್ಸೇಷನ್' ಸಿನಿಮಾದ್ದು. ಕೊಪ್ಪೊಲ ನಿರ್ದೇಶನ. ನನ್ನ ಕೇಳಿದರೆ ಇದೇ ಒಂದು ಕೈ ಮೇಲು. ಅದರಲ್ಲಿ ಹ್ಯಾಕ್‌ಮನ್ ಕದ್ದು ಕೇಳುವ ಕಸುಬಿನವನು. ಸ್ಯಾನ್ ಫ್ರಾನ್ಸಿಸ್ಕೋದ ಚೌಕದಲ್ಲಿ, ಜನಜಂಗುಳಿಯ ನಡುವೆ ಅಡ್ಡಾಡುವ ಇಬ್ಬರ ಮಾತನ್ನು ಟೇಪಿಗೆ ಹಿಡಿಯುತ್ತಾನೆ. ಗದ್ದಲವನ್ನೆಲ್ಲ ಸೋಸಿ ಒಂದೊಂದು ಅಕ್ಷರವೂ ಕೇಳುವ ಹಾಗೆ ಮಾಡುತ್ತಾನೆ. ಆದರೂ ಒಂದು ವಾಕ್ಯದಲ್ಲಿ ಒತ್ತು ಯಾವ ಪದದ ಮೇಲೆ ಬಿತ್ತು ಅನ್ನುವುದರಲ್ಲಿ ಎಡವುತ್ತಾನೆ. ಮುಂದಿನದನ್ನು ಹೇಳಲ್ಲ, ನೋಡಿ.

ಇದು ನಿಮಗೆ ಹೊಸದಲ್ಲ. "ಭಾಳ ಶಾಣ್ಯಾ ಅದೀ ನೀ" ಅಂತ ಶಾಲೆಯಲ್ಲಿ ಎಷ್ಟು ಹುಡುಗರಿಗೆ ಅಂದಿದ್ದೀರೋ. ಗಣಿತದಲ್ಲಿ ನೂರಕ್ಕೆ ನೂರು ತಂದವನಿಗೂ ಅದೇ ಮಾತು, ಕಿಟಕಿ ಗಾಜು ಒಡೆದವನಿಗೂ ಅದೇ ಮಾತು. ಟೇಪಿನಿಂದ ಕಾಗದಕ್ಕೆ ಇಳಿಸಿದರೆ ಎರಡೂ ಒಂದೇ. ಯಾವುದು ಹೊಗಳಿಕೆ, ಯಾವುದು ಬೈಗುಳ ಅಂತ ಆಗ ಗೊತ್ತು ಮಾಡುವವರು ನೀವಲ್ಲ, ಕದ್ದು ಕೇಳಿದವರು. ನೀವು ಏನೂ ಮುಚ್ಚಿಟ್ಟಿರಲಿಲ್ಲ, ಆದರೂ ಒಂದಿಡೀ ದಿನ ನಮ್ಮ ಆಫೀಸಿನಲ್ಲಿ ಕೊಲೆಯ ಸಾಕ್ಷಿ ಆಗಿದ್ದಿರಿ, ಅಲ್ವಾ?

ನೀವು ನೋಡಿದ ಸಿನಿಮಾದ ವಕೀಲನಿಗೂ ಆದದ್ದು ಅದೇ. ತುಂಡು ತುಂಡು ಸುದ್ದಿ ಹೊರಬಿಟ್ಟು ಅವನ ಕೆಲಸ ಕಳೆದರು, ಮನೆ ಒಡೆದರು.

ಇದೆಲ್ಲ ಅಮೆರಿಕದ ಕಥೆ ಅನ್ನಬೇಡಿ. 1988ರ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆಯ ಗದ್ದಲಕ್ಕೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಆಮೇಲೆ ಆ ಕುರ್ಚಿಗೆ ಬಂದವರು ನಮ್ಮ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು.

ಆಧಾರ್ ಅಂದಾಗ ನೆನಪಾಯಿತು. ಹೋದ ಮಳೆಗಾಲದಲ್ಲಿ ಒಂದು ಅಂಗಡಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡೆ. ಮನೆಗೆ ಬಂದು ಬಿಚ್ಚಿದರೆ, ಕಟ್ಟಿದ ಕಾಗದ ಯಾರದೋ ಆಧಾರ್ ಝೆರಾಕ್ಸು. ಹೆಸರು, ಊರು, 12 ಅಂಕಿ, ಎಲ್ಲ ಸ್ಪಷ್ಟ. ಫೋಟೋದಲ್ಲಿದ್ದ ಅಜ್ಜನ ಹಣೆಯ ಮೇಲೆ ಎಣ್ಣೆ ಕಲೆ. ಚೂರು ಚೂರು ಹರಿದು ಒಲೆಗೆ ಹಾಕಿದೆ. ಮಿರ್ಚಿ ಮಾತ್ರ ತಿಂದೆ, ಸುಳ್ಳು ಯಾಕೆ ಹೇಳಲಿ. ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ, ಮೊಮ್ಮಗನಿಂದ ಇಳಿಸಿಕೊಳ್ಳಿ.

ಹೆಸರು, ಮನೆ ನಂಬರು, ಮೊಬೈಲ್ ನಂಬರು ಸಮೇತ ಪತ್ರ ಅಚ್ಚು ಮಾಡಿ ಅಂದಿದ್ದಿರಿ. ಊರಷ್ಟೇ ಹಾಕಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ಸಲ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯಿರಿ. ಮೂರನೇ ಕಾರ್ಡು ಕೊಡುವಾಗ ಪೋಸ್ಟ್‌ಮನ್ ಬಾಗಿಲಲ್ಲೇ ನಿಂತು ಕೇಳಿದ: "ಕಡೀಕ ಆ ವಕೀಲ ಬದುಕ್ತಾನೇನ್ರಿ?"

– ಸಂಪಾದಕ