ಆಟಿಯ ಮಳೆಯಲ್ಲಿ ಒಣಗದ ನವಿಲು

ಪ್ರಶ್ನೆ: ಅಕ್ಕಾ, ಮಗಳ ಹುಟ್ಟುಹಬ್ಬಕ್ಕೆ ಕುಕೀಸ್ ಮಾಡಿ, ಬಿಳಿ ಐಸಿಂಗ್ ಬಳಿದು, ಮೇಲೆ ನೀಲಿ ನವಿಲು ಬರೆದೆ. ಮರುದಿನವೂ ಬೆರಳಿಗೆ ಅಂಟುತ್ತಿತ್ತು, ನೀಲಿ ಬಿಳಿಗೆ ಹರಿದಿತ್ತು. ಎಲ್ಲಿ ತಪ್ಪಿದೆ?
– ಓದುಗಿ, ಬದಿಯಡ್ಕ

ಉತ್ತರ: ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕುಂಬಳೆಯ ಮನೆಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ನಿಮ್ಮ ನವಿಲು ಒಣಗೀತೇ? ಸಕ್ಕರೆ ಗಾಳಿಯ ತೇವವನ್ನು ಹೀರುತ್ತದೆ. ಆದರೂ ಐಸಿಂಗ್ ನೀರಾಗಿತ್ತೆಂದೇ ನನ್ನ ಗುಮಾನಿ. ಒಂದು ಮೊಟ್ಟೆಯ ಬಿಳಿಗೆ, ಅಂದರೆ ಸುಮಾರು 30 ಗ್ರಾಂಗೆ, 150ರಿಂದ 180 ಗ್ರಾಂ ಜರಡಿ ಹಿಡಿದ ಐಸಿಂಗ್ ಸಕ್ಕರೆ, ನಾಲ್ಕು ಹನಿ ನಿಂಬೆರಸ ಸಾಕು. ಚಮಚದಿಂದ ಬಿದ್ದ ಎಳೆ ಹತ್ತು ಹದಿನೈದು ಸೆಕೆಂಡಿನಲ್ಲಿ ಕರಗಿ ಸಮವಾಗಬೇಕು. ಮೂರೇ ಸೆಕೆಂಡಿಗೆ ಮಾಯವಾದರೆ ಇನ್ನಷ್ಟು ಸಕ್ಕರೆ ಸೇರಿಸಿ. ಮಕ್ಕಳಿಗೆ ಹಸಿ ಮೊಟ್ಟೆ ಕೊಡಲು ನನಗೆ ಧೈರ್ಯವಿಲ್ಲ, ಒಣಗಿಸಿದ ಮೊಟ್ಟೆಯ ಬಿಳಿಯಿಂದ ಮಾಡಿದ ಮೆರಿಂಗ್ ಪುಡಿಯನ್ನೇ ಬಳಸುತ್ತೇನೆ.

ಕುಕೀಸ್ ಪೂರ್ತಿ ತಣಿದ ಮೇಲೆಯೇ ಬಿಳಿ ಬಳಿಯಿರಿ. ಕಿಟಕಿ ಮುಚ್ಚಿ, ಫ್ಯಾನಿನ ಕೆಳಗೆ ರಾತ್ರಿಯಿಡೀ ಇಟ್ಟು, ನೀಲಿಯನ್ನು ಬೆಳಗ್ಗೆ ಬರೆಯಿರಿ. ನೀರು ಬಣ್ಣ ಬೇಡ, ಜೆಲ್ ಬಣ್ಣವಿರಲಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ನಾನೊಮ್ಮೆ ಅವಸರಕ್ಕೆ ಇಟ್ಟು ಹೊರತೆಗೆದೆ. ಐದೇ ನಿಮಿಷದಲ್ಲಿ ಮೈಯೆಲ್ಲ ಬೆವತು, ಬರೆದಿದ್ದ ಗುಲಾಬಿಗಳು ತಟ್ಟೆಗೆ ಇಳಿದಿದ್ದವು.